ಅರ್ಧ ಹೇಳಿದ ಉಪಮೆ

ನಾನು ಓದಿದ್ದು ನಾಲ್ಕನೇ ಕ್ಲಾಸು, ಉಡುಪಿ ಕಡೆಯ ಶಾಲೆಯಲ್ಲಿ. ಮುಂಬಯಿ ಬದಿಯ ಡೊಂಬಿವಲಿಯ ಈ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಮೊಮ್ಮಗಳ ಇಂಗ್ಲಿಷ್ ಪಾಠಕ್ಕೆ ನನ್ನ ಬಾಯಿ ಉಪಯೋಗಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಆದರೆ ಬಂತು. ಸಿಮಿಲಿ, ಮೆಟಫರ್ ಎಂದೆಲ್ಲ ಕಲಿಸಿದ ಟೀಚರು, ಮನೆಯ ಮಾತಿನಿಂದಲೇ ಉದಾಹರಣೆ ತನ್ನಿ ಎಂದಿದ್ದರಂತೆ. ಮಗು ಏನೂ ಹೊಳೆಯದೆ ಪೆನ್ನು ಕಚ್ಚುತ್ತ ಕೂತಿತ್ತು.

“ಒಂದು ಇನ್ನೊಂದರ ಹಾಗೆ ಅಂದ್ರೆ ಸಿಮಿಲಿ, ಅಜ್ಜಿ. ಬಢಾ ಚಢಾಕೇ ಬೋಲಾ ತೋ ಹೈಪರ್ಬೊಲಿ.”

“ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು, ಇಷ್ಟೆಯಾ? ಬೆಳಿಗ್ಗೆಯ ಲೋಕಲ್ ಟ್ರೈನು ಉಪ್ಪಿನಕಾಯಿ ಭರಣಿಯ ಹಾಗೆ. ನಿನ್ನ ಅಪ್ಪನ ಗೊರಕೆಗೆ ಆಚೆ ಊರು ಕಲ್ಯಾಣದವರು ಎದ್ದು ಕೂರ್ತಾರೆ.”

ಅವಳು ಬಿದ್ದು ಬಿದ್ದು ನಕ್ಕಳು. ನಾನು ಇಷ್ಟು ವರ್ಷ ಸುಮ್ಮನೆ ಆಡಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಹೆಸರುಂಟು ಎಂದರೆ ಹಿಗ್ಗದೆ ಇರುವುದು ಹೇಗೆ? ಆ ಹಿಗ್ಗಿನಲ್ಲೇ ಸೊಸೆಯ ಮೇಲೂ ಒಂದು ಹೇಳಿದೆ. ಸೊಸೆ ಬೆಂಗಳೂರಿನವಳು, ಸಾನಪಾಡಾದಲ್ಲಿ ಆಫೀಸು. ಸಂಜೆ ಅಡುಗೆಮನೆಯಲ್ಲಿ ಕೂತು ಲೋಕಲಿನ ಜಗಳ, ಬಾಸಿನ ಕಿರಿಕಿರಿ ಎಲ್ಲ ನನ್ನೆದುರು ಹೇಳಿ ಮುಗಿಸಿದರೇ ಅವಳಿಗೆ ಉಸಿರು.

“ನಿನ್ನ ಅಮ್ಮ ಕುಕ್ಕರಿನ ಹಾಗೆ. ಬಾಗಿಲಲ್ಲೇ ಸೀಟಿ. ಆದ್ರೆ ಮನೆಯವರೆಲ್ಲರ ಅನ್ನ ಬೇಯುವುದು ಅದರೊಳಗೇ. ಯಾರ ಹತ್ರವೂ ಹೇಳ್ಬೇಡ ಮಾರಾಯ್ತಿ.”

“ಪ್ರಾಮಿಸ್, ಅಜ್ಜಿ.”

ಸಂಕ್ರಾಂತಿ ಕಳೆದ ಮೇಲೆ ಕೆಳಗಿನ ಮನೆಯವರು ಹಳದಿ-ಕುಂಕುಮಕ್ಕೆ ಕರೆದರು. ಸೊಸೆ, ಮೊಮ್ಮಗಳು, ನಾನು ಮೂವರೂ ಹೋದೆವು. ಅಲ್ಲಿ ಮರಾಠಿ ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುತ್ತಾರೆ. ಅದಕ್ಕೆ ಉಖಾಣಾ ಎನ್ನುತ್ತಾರೆ. ಮೊಮ್ಮಗಳನ್ನೂ ಬಿಡಲಿಲ್ಲ. “ನವರಾ ನಾಹೀ ತರ ಆಯೀವರ ಘೇ,” ಗಂಡನಿಲ್ಲದಿದ್ದರೆ ಅಮ್ಮನ ಮೇಲೆ ಹೇಳು ಎಂದರು ಮನೆಯಾಕೆ.

ಅವಳು ಎದ್ದು ನಿಂತಳು. “ಆಯೀ ಮಾಝೀ ಕುಕರ್‌ಸಾರ್ಖೀ, ದಾರಾತಚ ಶಿಟ್ಟೀ, ಬಾಬಾ ಬಿಚಾರೇ ಗಪ್ಪ ಬಸ್ತಾತ, ತೋಂಡಾವರ ಪಟ್ಟೀ.” ಅಮ್ಮ ಬಾಗಿಲಲ್ಲೇ ಸೀಟಿ ಹೊಡೆಯುವ ಕುಕ್ಕರು, ಅಪ್ಪನ ಬಾಯಿಗೆ ಪಟ್ಟಿ.

ತುಂಬಿದ ಮನೆಯಲ್ಲಿ ಹೆದರದ ಆ ಗಂಟಲು ಕೇಳಿಯೇ ನನ್ನ ಕಣ್ಣು ತುಂಬಿತ್ತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಮಾತು ತಲೆಗೆ ಇಳಿದದ್ದು ಆಮೇಲೆ. ಅಷ್ಟರಲ್ಲಿ ಅವಳು, “ಅಜ್ಜೀನೇ ಶಿಕವಲಂ,” ಅಜ್ಜಿಯೇ ಕಲಿಸಿದ್ದು ಎಂದು ನನ್ನನ್ನು ತೋರಿಸಿಯೂ ಆಗಿತ್ತು. ಸೊಸೆ ಎಲ್ಲರ ಜೊತೆ ನಕ್ಕಳು. ಮೆಟ್ಟಿಲನ್ನು ಮಾತ್ರ ನಮಗಿಂತ ಮುಂದೆ ಒಬ್ಬಳೇ ಹತ್ತಿದಳು.

ಮನೆಗೆ ಬಂದವಳೇ ಮೊಮ್ಮಗಳನ್ನು ಹಿಡಿದುಕೊಂಡೆ. “ಅನ್ನ ಬೇಯುವ ಅರ್ಧ ಎಲ್ಲಿ ಹೋಯ್ತು ಮಗಾ? ಹೇಳುವುದಿಲ್ಲ ಅಂತ ಮಾತು ಕೊಟ್ಟದ್ದು?”

“ವೋ ರೈಮ್ ಮೇ ನಹೀ ಬೈಠಾ, ಅಜ್ಜಿ. ಸಬ್ ಹಸೇ ನಾ?” ಅದು ಪ್ರಾಸಕ್ಕೆ ಕೂರಲಿಲ್ಲವಂತೆ, ಎಲ್ಲರೂ ನಕ್ಕರಲ್ಲ ಎಂದು ನನ್ನನ್ನೇ ಕೇಳಿದಳು.

ಬೇರೆಯವರಾಗಿದ್ದರೆ ಬೈದು ಮರೆಯುತ್ತಿದ್ದೆ. ಇದು ನಾನು ತುತ್ತು ಕೊಟ್ಟ ಬಾಯಿ. ಅದೇ ನನ್ನ ಮಾತನ್ನು ಕತ್ತರಿಸಿ, ನಗು ಬರುವಷ್ಟನ್ನು ಇಟ್ಟುಕೊಂಡು, ಉಳಿದದ್ದನ್ನು ಎಸೆದಿತ್ತು.

ಮರುದಿನ ಸಂಜೆ ಸೊಸೆ ಟೀ ಲೋಟ ಹಿಡಿದು ಸೀದಾ ಕೋಣೆಗೆ ಹೋದಳು. ಹಿಂದೆಯೇ ಹೋಗಿ ಬಿಟ್ಟುಹೋದ ಅರ್ಧವನ್ನು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅದನ್ನ ಅವಳಿಗೆ ಹೇಳೋ ಬದಲು ನನಗೇ ಹೇಳಬಹುದಿತ್ತಲ್ವಾ ಅತ್ತೆ? ಈಗ ಹೇಳಿದ್ರೆ ಸಮಾಧಾನ ಮಾಡಿದ ಹಾಗಿರುತ್ತೆ. ಮೊದಲು ಚಪ್ಪಾಳೆ ತಟ್ಟಿದ್ದೂ ನೀವೇ.”

ಲೋಕಲಿನಲ್ಲಿ ಅವತ್ತು ಏನಾಯಿತೆಂದು ಅವಳು ಹೇಳಲಿಲ್ಲ. ಈಗಲೂ ಹೇಳುವುದಿಲ್ಲ. ಕೇಳಿದರೆ, “ಏನಿಲ್ಲ ಅತ್ತೆ, ದಿನಾ ಇರೋದೇ.”

ಆ ವಾರ ಮನೆಯಿಂದ ತಂದ ಉದಾಹರಣೆಗಳಿಗಾಗಿ ಟೀಚರು ಮೊಮ್ಮಗಳನ್ನು ಕ್ಲಾಸಿನೆದುರು ಹೊಗಳಿದರು. ಅವಳು ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಸಿಟ್ಟಿನ ಮಧ್ಯದಲ್ಲೂ ನನ್ನ ಸಂತೋಷ ನಿಲ್ಲಲಿಲ್ಲ, ಏನು ಮಾಡಲಿ. ಮುಂದಿನ ಪಾಠ ಪರ್ಸಾನಿಫಿಕೇಶನ್ ಅಂತೆ, ಜೀವ ಇಲ್ಲದ್ದು ಮನುಷ್ಯರ ಹಾಗೆ ನಡೆದುಕೊಳ್ಳುವುದು. “ಏಕ್ ದೋ ನಾ, ಅಜ್ಜಿ,” ಒಂದು ಕೊಡು ಎಂದಳು.

ಒಳ್ಳೆಯದೊಂದು ನಾಲಗೆಯ ತುದಿಗೇ ಬಂದಿತ್ತು. “ನಂಗೆ ಗೊತ್ತಿಲ್ಲ ಮಗಾ,” ಅಂದೆ, “ಟೀಚರನ್ನೇ ಕೇಳು.”