ಇಳಿತದ ಹೊತ್ತಿನ ಬರವಣಿಗೆ ಪಾಠ

ಮನೆಪಾಠದ ಮೂರನೆಯ ದಿನ, ಬೆಳಿಗ್ಗೆ ಹತ್ತೂಕಾಲಿಗೆ, ಮೊಣಕಾಲಿನವರೆಗೆ ಕೆಸರು ಮೆತ್ತಿದ ಹೆಂಗಸೊಬ್ಬರು ಹಿತ್ತಿಲ ಬಾಗಿಲಿನಿಂದ ನೇರ ನಮ್ಮ ಅಡುಗೆಮನೆಗೆ ಬಂದು ನಿಂತರು. ಬಾಗಿಲು ತಟ್ಟಲಿಲ್ಲ, ತಾವು ಯಾರೆಂದು ಹೇಳಲೂ ಇಲ್ಲ.

"ಹ್ವಾಯ್, ಹೆಣ್ಣ್ ಎಲ್ಲಿತ್ತ್? ನೀರ್ ಇಳ್ದಿತ್. ಕಳ್ಸಿ, ಹೋಪ."

ನನ್ನ ಒಂಬತ್ತು ವರ್ಷದ ಮಗಳು ಸುಮಾ ಪೆನ್ಸಿಲ್ ಕೆಳಗಿಟ್ಟು ಆಗಲೇ ಎದ್ದು ನಿಂತಿದ್ದಳು. ಇವರಿಬ್ಬರಿಗೂ ಯಾವಾಗ ಗುರುತಾಯಿತು ಎಂದು ನನಗೆ ತಿಳಿಯದು. ಗದಗಿನಲ್ಲಿ ಮನೆಗೆ ಬರುವವರು ಅಂಗಳದಾಚೆ ನಿಂತು "ಅಕ್ಕಾರ ಅದಾರೇನ್ರಿ" ಎಂದು ಎರಡು ಸಲ ಕೂಗುತ್ತಾರೆ, ಒಳಗಿನವರು ಸೆರಗು ಸರಿಮಾಡಿಕೊಳ್ಳಲು ಸಮಯ ಕೊಡುತ್ತಾರೆ. ನಾವು ಈಗಿರುವ ಕಡಲಂಚಿನ ಊರು ಕೋಡಿಯಲ್ಲಿ ಹಿತ್ತಿಲ ಬಾಗಿಲೇ ಹೆಬ್ಬಾಗಿಲು.

ಬಂದವರು ಪಕ್ಕದ ಮನೆಯ ಸರೋಜಕ್ಕ. ನೀರು ಇಳಿದಾಗ ಹೊಳೆಗೆ ಹೋಗಿ ಕೆಸರಿನಿಂದ ತಿನ್ನುವ ಚಿಪ್ಪು ಹೆಕ್ಕುವುದು ಅವರ ಕೆಲಸ. ನಮ್ಮ ಮನೆಯಲ್ಲಿ ಮೀನಿಲ್ಲ, ಮೊಟ್ಟೆಯೂ ಇಲ್ಲ. ಮಗಳು ಹೆಕ್ಕಿದ್ದೆಲ್ಲ ಸರೋಜಕ್ಕನ ಬುಟ್ಟಿಗೆ ಹೋಗುತ್ತದೆ. ಅವರ ಅಡುಗೆಮನೆಯಲ್ಲಿ ಆಮೇಲೆ ಏನಾಗುತ್ತದೆ ಎಂದು ನಾನು ಕೇಳಿಲ್ಲ, ಮಗಳು ಹೇಳಿಲ್ಲ.

ನಾವು ಇಲ್ಲಿಗೆ ಬಂದದ್ದು ಡಿಸೆಂಬರಿನಲ್ಲಿ. ಯಜಮಾನರಿಗೆ ಕುಂದಾಪುರದ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊಳೆಗೂ ಕಡಲಿಗೂ ನಡುವೆ ಎರಡು ಕೋಣೆಯ ಹಂಚಿನ ಮನೆ. ರೊಟ್ಟಿ ಬಡಿಯುವ ಸದ್ದಿಗೆ ಮೊದಲ ವಾರ ಆಚೀಚೆಯವರು ಇಣುಕಿ ನೋಡಿದರು. ದಪ್ಪ ಕುಚ್ಚಲಕ್ಕಿ ಅನ್ನ ನನ್ನ ಗಂಟಲಲ್ಲಿ ಇಳಿಯಲು ಒಂದು ತಿಂಗಳು ತೆಗೆದುಕೊಂಡಿತು. "ಎಂತ" ಎಂಬ ಒಂದೇ ಮಾತನ್ನು ಇಲ್ಲಿಯವರು ಏನು, ಯಾಕೆ, ಸಾಕು ಸುಮ್ಮನಿರಿ ಎಂಬೆಲ್ಲದಕ್ಕೂ ಬಳಸುತ್ತಾರೆ. ದನಿ ಕೇಳಿ ಅರ್ಥ ಮಾಡಿಕೊಳ್ಳಬೇಕು.

ವರ್ಷದ ನಡುವೆ ಹೊಸ ಶಾಲೆ ಬೇಡ, ಜೂನಿನವರೆಗೆ ಮನೆಯಲ್ಲೇ ಕಲಿಸೋಣ ಎಂದು ತೀರ್ಮಾನಿಸಿದ್ದೆವು. ನಾನು ಗದಗಿನಲ್ಲಿ ಹನ್ನೊಂದು ವರ್ಷ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. ಎಷ್ಟೋ ಮಕ್ಕಳ ಕೈ ಹಿಡಿದು ಬರೆಸಿದ್ದೇನೆ. ನನ್ನ ಮಗಳು ಮಾತ್ರ ಬರೆಯುವುದಿಲ್ಲ. ಓದುತ್ತಾಳೆ, ಲೆಕ್ಕ ಮಾಡುತ್ತಾಳೆ, ಕಾಪಿ ಮಾಡು ಎಂದರೆ ಮುತ್ತು ಪೋಣಿಸಿದಂತೆ ಮಾಡುತ್ತಾಳೆ. ನಿನ್ನದೇ ಒಂದು ವಾಕ್ಯ ಬರೆ ಎಂದರೆ ಪೆನ್ಸಿಲ್ ಚೂಪು ಮಾಡಲು ಎದ್ದು ಹೋಗುತ್ತಾಳೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತಂತೆ.

ನನ್ನ ತಂದೆ ನಿವೃತ್ತ ಹೆಡ್‌ಮಾಸ್ತರರು. ಮನೆಪಾಠಕ್ಕೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಮೇ ಮುಗಿಯುವುದರೊಳಗೆ ಸುಮಾ ಸ್ವಂತ ಮಾತಿನಲ್ಲಿ ಒಂದು ಪುಟ ಬರೆದು ತಮಗೆ ಕಳಿಸಬೇಕು. ಇಲ್ಲವಾದರೆ ಜೂನಿನಲ್ಲಿ ಅವಳು ಗದಗಿಗೆ ಬಂದು ಹಳೆಯ ಶಾಲೆಗೇ ಹೋಗಬೇಕು. "ಬೇಕಾದ್ರ ನೀನೂ ಆಕಿ ಸಂಗಾಟ ಬಂದಿರು" ಎಂದಿದ್ದರು. ಯಜಮಾನರು ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಅಂದು ಸುಮಾ ಊಟ ಬಿಟ್ಟಳು.

ಹಾಗಾಗಿ ರಟ್ಟಿನ ಮೇಲೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಬರವಣಿಗೆ. ಸರೋಜಕ್ಕ ಬಂದು ನಿಂತದ್ದು ಆ ಹತ್ತು ಗಂಟೆಯ ಮೇಲೆ.

"ಬರವಣಿಗೆ ಮುಗೀಲಿ, ಹನ್ನೊಂದಕ್ಕ ಕಳಸ್ತೀನ್ರಿ" ಎಂದೆ.

"ಹೊಳಿ ನಿಮ್ಮ್ ಗಡಿಯಾರ ಕಾಂತಿಲ್ಲೆ ಟೀಚ್ರೆ. ಇವತ್ತ್ ಸಪ್ತಮಿ ಅಲ್ದಾ, ಹತ್ತಕ್ಕೆ ಇಳ್ತ. ನಾಳೆ ಹನ್ನೊಂದ್ ಅಪ್ಪುಕ್ ಬತ್ತ್."

ಕಡಲಿನ ಜೊತೆ ಹೊಳೆಯ ನೀರೂ ಏರುವುದಕ್ಕೆ ಇಲ್ಲಿ ಭರತ, ಇಳಿಯುವುದಕ್ಕೆ ಇಳಿತ ಎನ್ನುತ್ತಾರೆ. ಇಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಸರಿಯುತ್ತದೆ. ಬಯಲುಸೀಮೆಯವಳಾದ ನನಗೆ ಇದು ನಂಬಲಾಗದ ಶಿಸ್ತುಗೇಡಿತನವಾಗಿ ಕಂಡಿತು. ಬರವಣಿಗೆಯನ್ನು ಮಧ್ಯಾಹ್ನಕ್ಕೆ ಹಾಕಿದೆ. ನಾಲ್ಕು ದಿನಕ್ಕೆ ಇಳಿತವೂ ಮಧ್ಯಾಹ್ನಕ್ಕೆ ಬಂದಿತು. ಸಂಜೆಗೆ ಹಾಕಿದೆ, ಅಲ್ಲಿಗೂ ಬಂದಿತು. ಬೆಳಿಗ್ಗೆಗೆ ಮರಳಿದೆ. ಆ ರಟ್ಟು ಒರೆಸಿ ಒರೆಸಿ ತೂತಾಯಿತು.

ಕೊನೆಗೆ ಟೀಚರ್ ಬುದ್ಧಿ ಓಡಿಸಿದೆ. ಹೊಳೆಗೆ ಹೋಗು, ಬಂದ ಮೇಲೆ ನೋಡಿದ್ದನ್ನು ಬರೆ. ಹೊತ್ತಿನ ತಕರಾರು ತೀರಿತು, ವಿಷಯವೂ ಸಿಕ್ಕಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸುಮಾ ಬರೆದದ್ದು ಇಷ್ಟು: "ನಾನು ಹೊಳೆಗೆ ಹೋದೆನು. ಅಲ್ಲಿ ನೀರು ಇತ್ತು. ನನಗೆ ಬಹಳ ಸಂತೋಷವಾಯಿತು." ಮುಂದಿನ ವಾರವೂ ಅದೇ ಮೂರು ಸಾಲು. ಮಾರ್ಚಿನ ಒಂದು ದಿನ ಸರೋಜಕ್ಕ ಕರೆದಾಗ ಅವಳು ಮಂಚದ ಕೆಳಗೆ ಹೋಗಿ ಕುಳಿತಳು.

"ನಾ ಹೊಳಿಗೆ ಹೋಗಂಗಿಲ್ಲ. ಹೋದ್ರ ಬರೀಬೇಕಾಗ್ತದ."

ಸರೋಜಕ್ಕನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಎಂತ ಟೀಚ್ರೆ ನೀವ್! ಹೆಣ್ಣಿನ್ ಕೈಲಿ ಹೊಳಿ ಬಿಡ್ಸಿದ್ರಿ ಕಾಣಿ. ಉಂಬುಕ್ ಕೂಕಂಡವ್ರಿಗೆ ಅನ್ನ ಹ್ಯಾಂಗಿತ್ತ್ ಬರ್ದ್ ಕೊಡಿ ಅಂದ್ರೆ, ಅವ್ರ್ ಉಂಬುದ್ ಹ್ಯಾಂಗೆ?"

ಹನ್ನೊಂದು ವರ್ಷ ನಾನು ಪ್ರತಿ ಪ್ರವಾಸದ ಮರುದಿನ ಪ್ರಬಂಧ ಬರೆಸಿದವಳು. ಎಷ್ಟು ಮಕ್ಕಳ ಪ್ರವಾಸ ಕೆಡಿಸಿದೆನೋ ಎಂದು ನಾಚಿಕೆಯಾಯಿತು. ರಟ್ಟು ಕಿತ್ತು ಒಲೆಗೆ ಹಾಕಿದೆ. ಸುಮಾಳಿಗೆ ಹೋಗು ಎಂದಷ್ಟೇ ಹೇಳಿದೆ. ಏಪ್ರಿಲ್ ಇಡೀ ಅವಳು ಒಂದಕ್ಷರ ಬರೆಯಲಿಲ್ಲ, ನಾನು ಕೇಳಲಿಲ್ಲ. ಅಪ್ಪನಿಗೆ ಕಳಿಸಲು ನಾನೇ ಒಂದು ಪುಟ ಹೇಳಿ ಬರೆಸಿಬಿಡಲೇ ಎಂದು ಮನಸ್ಸಿಗೆ ಬಂದದ್ದುಂಟು. ಅಪ್ಪನ ಕಣ್ಣು ತಪ್ಪಿಸುವುದು ಸಾಧ್ಯವಿಲ್ಲ ಎಂದು ಬಿಟ್ಟೆ.

ಮೇ ತಿಂಗಳ ಎರಡನೆಯ ವಾರ ಸರೋಜಕ್ಕ ಬೈಂದೂರಿಗೆ ಹೊರಟು ನಿಂತರು. ಅವರ ಮಗಳಿಗೆ ಹೆರಿಗೆ, ಬರುವುದು ಒಂದು ತಿಂಗಳ ಮೇಲೆ. ಅಲ್ಲಿಯವರೆಗೆ ತಮ್ಮ ಅತ್ತಿಗೆಯ ಜೊತೆ ಹೊಳೆಗೆ ಹೋಗು ಎಂದು ಸುಮಾಳಿಗೆ ಹೇಳಿದರು. ಆ ಅತ್ತಿಗೆ ಮಾತು ಕಡಿಮೆಯವರು, ಏನನ್ನೂ ಬಿಡಿಸಿ ಹೇಳುವವರಲ್ಲ. ಅಂದು ಮಧ್ಯಾಹ್ನ ಸುಮಾ ಹೊಳೆಗೆ ಇಳಿಯಲಿಲ್ಲ. ಸರೋಜಕ್ಕ ಹೇಳಿಕೊಟ್ಟದ್ದು ಮರೆಯದಿರಲೆಂದು ನೋಟುಬುಕ್ಕು ಹಿಡಿದು ಅವರ ಜಗಲಿಯಲ್ಲಿ ಕುಳಿತಿದ್ದಳು. ನಾನು ನಮ್ಮ ಹಿತ್ತಿಲಲ್ಲಿ ಬಟ್ಟೆ ಹಿಂಡುವ ನೆಪದಲ್ಲಿ ನಿಂತೆ.

"ಬರ್ದದ್ ಓದ್ ಕಾಂಬ" ಎಂದರು ಸರೋಜಕ್ಕ.

ಅವಳು ಓದಿದಳು.

"ಅಲ್ಲ ಅಪ್ಪಿ, ದೋಣಿ ಕಟ್ಟು ಬದಿಗೆ ಕೆಸರ್ ನಡ ತನ್ಕ ಇತ್ತ್. ಅಲ್ಲಿಗೆ ಹೋಪುಕಾಗ. ಅದನ್ ಮೊದ್ಲ್ ಬರಿ."

ಸುಮಾ ರಬ್ಬರ್ ಹಿಡಿದು ಅಳಿಸಿದಳು, ಮತ್ತೆ ಬರೆದಳು, ಮತ್ತೆ ಓದಿದಳು. ಬರೆದದ್ದನ್ನು ಮಕ್ಕಳು ತಾವಾಗಿ ತಿದ್ದುವುದಿಲ್ಲ ಎಂದು ನಾನು ಹೊಸ ಟೀಚರುಗಳಿಗೆ ಹೇಳುತ್ತಿದ್ದೆ. ಆ ದಿನ ಅವಳು ನಾಲ್ಕು ಸಲ ತಿದ್ದಿದಳು.

ರಾತ್ರಿಯಾಗುವ ಮುಂಚೆ ತಾನೇ ತಂದು ತೋರಿಸಿದಳು. ಪುಟ ತುಂಬಿ ಹಿಂಬದಿಗೂ ಹೋಗಿತ್ತು. ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು. ಕೆಸರಿನಲ್ಲಿ ಸಣ್ಣ ತೂತು ಕಂಡರೆ ಕೆಳಗೆ ಚಿಪ್ಪು ಇದೆ. ನೀರು ಮೀನಖಂಡಕ್ಕೆ ತಾಗಿದರೆ ಬುಟ್ಟಿ ತುಂಬದಿದ್ದರೂ ತಿರುಗಿ ಬರಬೇಕು. ಸಣ್ಣ ಚಿಪ್ಪನ್ನು ಮತ್ತೆ ಕೆಸರಿಗೇ ಹಾಕಬೇಕು. ಕೊನೆಯಲ್ಲಿ ಹೀಗಿತ್ತು: "ಅವ್ವ ಬಂದರೆ ಕೈ ಹಿಡಿದುಕೊಳ್ಳಬೇಕು. ಅವಳಿಗೆ ಹೊಳೆ ಗೊತ್ತಿಲ್ಲ. ಅವಳು ಬರುವುದಿಲ್ಲ."

"ಇದನ್ನ ಅಜ್ಜಗ ಕಳಸು" ಎಂದಳು.

ಒಂದಕ್ಷರ ತಿದ್ದದೆ ಫೋಟೋ ತೆಗೆದು ಕಳಿಸಿದೆ. ಮರುದಿನ ಬೆಳಿಗ್ಗೆ ಅಪ್ಪನ ಫೋನು ಬಂತು.

"ಇದು ನೀ ಹೇಳಿಕೊಟ್ಟಿದ್ದಲ್ಲ, ಓದಿದ್ರನ ಗೊತ್ತಾಗ್ತದ. ಚಲೋ ಬರದಾಳ. ಅಲ್ಲೇ ಸಾಲಿಗೆ ಹಾಕ್ರಿ. ಇಲ್ಲಿ ಬರೂದೇನೂ ಬ್ಯಾಡ."

ಫೋನು ಇಟ್ಟೆ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಮಗಳು ಬರೆಯದೇ ಹೋದರೆ ಅವಳ ಜೊತೆ ನಾನೂ ಗದಗಿಗೆ ಹೋಗಬಹುದು ಎಂದು ಐದು ತಿಂಗಳು ನನ್ನೊಳಗೆ ಯಾರೋ ಕಾಯುತ್ತಿದ್ದರು. ಯಾವ ಸೀರೆ ಕಟ್ಟಿಕೊಳ್ಳಬೇಕು, ಯಾವ ಪಾತ್ರೆ ಇಲ್ಲೇ ಬಿಡಬೇಕು ಎಂಬುದೂ ನಿಶ್ಚಯವಾಗಿತ್ತು. ಹೆತ್ತ ಮಗಳು ಸೋಲಲಿ ಎಂದು ಕಾದವಳು ನಾನೇ.

ಸುಮಾ ಬಾಗಿಲಲ್ಲಿ ನಿಂತಿದ್ದಳು. "ಅಜ್ಜ ಏನಂದ?"

"ಇಲ್ಲೇ ಇರ್ರಿ ಅಂದ."

ಅವಳು ಕುಣಿಯಲಿಲ್ಲ. ನನ್ನ ಮುಖವನ್ನೇ ನೋಡಿದಳು. "ನಿನಗ ಬ್ಯಾಸರಾತೇನ?"

"ಸ್ವಲ್ಪ ಆಗೇತಿ" ಎಂದೆ.

ಅವಳು ಒಳಗೆ ಹೋಗಿ ನೋಟುಬುಕ್ಕು ತಂದು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಇನ್ನೊಂದು ಕೈಯಲ್ಲಿ ರಬ್ಬರ್ ಇತ್ತು.

"ಅವ್ವಾ, ಇದನ್ನ ಅಳಸ್ಲೇನು?"

ಅವಳು ಬರುವುದಿಲ್ಲ. ಆ ಎರಡು ಮಾತನ್ನು ಮತ್ತೊಮ್ಮೆ ಓದಿಕೊಂಡೆ.

"ನಾಳಿ ಇಳಿತ ಎಷ್ಟಕ್ಕ?"

"ನಾಕಕ್ಕ."

"ಹಂಗಾರ ನಾಕರ ತನಕಾ ಇರ್ಲಿ" ಎಂದೆ.