ಕಾಡೆಮ್ಮೆ ಕೋವಿಗೆ ಎಲಿಫಾಸ್ ಹೇಳಿದ ಬೆಲೆ

ಔಟ್ಯೋ ಊರಿನ ಕೋವಿ ಅಂಗಡಿಯಲ್ಲಿ ಪರವಾನಗಿ ಕಾಗದ ಬರೆಯುವವಳು ನಾನು. ಹಿಂದಿನ ಕೋಣೆಯಲ್ಲಿ ಎಲಿಫಾಸ್ ಉಯ್ಸೆಬ್ ಇಪ್ಪತ್ತಾರು ವರ್ಷ ಕೋವಿ ರಿಪೇರಿ ಮಾಡಿದ. ಆನೆ, ಕಾಡೆಮ್ಮೆ ಹೊಡೆಯುವ ದೊಡ್ಡ ಕೋವಿ ಯಾರ ಕೈಯಿಂದ ಯಾರ ಕೈಗೆ ಹೋದರೂ ನಡುವೆ ಬೆಲೆ ಹೇಳುವವನು ಅವನೇ. ಮಾರುವವರು ಅದರ ಪ್ರತಾಪ ಹೇಳಲು ಶುರುಮಾಡಿದರೆ, "ಮೊದ್ಲು ಕೋವಿ ಮಾತಾಡ್ಲಿ, ಆಮೇಲೆ ನೀವು" ಅಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ತಂಗಿ ಅಲ್ಬರ್ಟೀನಾಳ ಗಂಡ ಗೋಟ್‌ಲೀಬ್ ಬೇಟೆಗಾರರಿಗೆ ಪ್ರಾಣಿಗಳ ಹೆಜ್ಜೆ ಹಿಡಿದು ದಾರಿ ತೋರುವವನು. ಬೇಟೆಗಾರ ಕುರ್ಟ್ ಲಾಂಗ್ನರ್ ಜೊತೆ ಈಶಾನ್ಯದ ನದಿ ಬಯಲಿಗೆ ಹೋದವನು ಹೆಣವಾಗಿ ಬಂದ. ಎರಡು ಗುಂಡು ತಿಂದ ಕಾಡೆಮ್ಮೆ ಮೇಲೆರಗಿ ಅವನನ್ನು ತಿವಿದಿತ್ತು. "ಮೂರನೇ ಗುಂಡು ನಳಿಗೆಯಲ್ಲೇ ಇತ್ತು. ಗೋಟ್‌ಲೀಬ್ ಹೆದರಿ ನನ್ನ ಗುರಿಗೇ ಅಡ್ಡ ಓಡಿದ, ಹೊಡೆಯಲು ಆಗಲಿಲ್ಲ" ಎಂದು ಲಾಂಗ್ನರ್ ಹೇಳಿಕೆ ಕೊಟ್ಟ. ಕೋವಿಯನ್ನು ಯಾರೂ ಪರೀಕ್ಷಿಸಲಿಲ್ಲ. ತಪ್ಪು ಸತ್ತವನದೇ ಎಂದಾಗಿ ಅಲ್ಬರ್ಟೀನಾಗೆ ಪರಿಹಾರ ಸಿಗಲಿಲ್ಲ. ಶವಸಂಸ್ಕಾರದಲ್ಲಿ ಚರ್ಚಿನ ಹಿರಿಯ "ಅಳ್ಳೆದೆಯವರಿಗಾಗಿ" ಪ್ರಾರ್ಥಿಸಿದ. ಎಲಿಫಾಸ್ ಅಂದಿನಿಂದ ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಎರಡು ವರ್ಷ ಕಳೆದು ಅದೇ ಲಾಂಗ್ನರ್ ಅದೇ ಕೋವಿ ಹಿಡಿದು ಅಂಗಡಿಗೆ ಬಂದ. ರಾಜಧಾನಿ ವಿಂಡ್‌ಹುಕ್‌ನ ಒಬ್ಬ ಹಲ್ಲಿನ ಡಾಕ್ಟರು ಕೊಳ್ಳಲು ಕಾದಿದ್ದರು.

"ಅರವತ್ತು ಸಾವಿರ ಡಾಲರ್ ಬಾಳತ್ತೆ. ಬರ್ದು ಕೊಡೋ ಎಲಿಫಾಸ್," ಎಂದ ಲಾಂಗ್ನರ್.

ಎಲಿಫಾಸ್ ಕೋವಿಯನ್ನು ಮೇಜಿನ ಮೇಲೆ ಇಟ್ಟುಕೊಂಡ. ತಂದವನು ಲಾಂಗ್ನರ್ ಆದರೂ ಕೆಲಸದಲ್ಲಿ ಮೋಸ ಮಾಡಲಿಲ್ಲ. ನಳಿಗೆಯೊಳಗೆ ದೀಪ ಬಿಟ್ಟು ನೋಡಿದ. ತುಕ್ಕಿಲ್ಲ, ಒಳಗಿನ ಸುರುಳಿ ಗೆರೆಗಳು ಚೂಪಾಗಿವೆ. ಮರದ ಹಿಡಿ ಬಿಚ್ಚಿದ. ಬಿರುಕಿಲ್ಲ. ಒಂದೊಂದನ್ನೂ ಚೆನ್ನಾಗಿದೆ ಎಂದೇ ಬರೆದ. ಲಾಂಗ್ನರ್ ನಗುತ್ತ ಡಾಕ್ಟರ ಬೆನ್ನು ತಟ್ಟಿದ.

ಆಮೇಲೆ ಎಲಿಫಾಸ್ ಮದ್ದಿಲ್ಲದ ನಾಲ್ಕು ತೋಟಾ ತುಂಬಿ, ಕಾಡೆಮ್ಮೆ ಎದುರಿಗಿದ್ದರೆ ಹೇಗೋ ಹಾಗೆ, ತೋಟಾವನ್ನು ನಳಿಗೆಗೆ ತಳ್ಳುವ ಬೋಲ್ಟನ್ನು ರಭಸದಿಂದ ಎಳೆದು ದೂಡಿದ. ಒಂದು. ಎರಡು. ಮೂರನೆಯದರ ಮೂತಿ ನಳಿಗೆಯ ಅಂಚಿಗೆ ತಗುಲಿ ಸಿಕ್ಕಿಕೊಂಡಿತು. ಮತ್ತೆ ತುಂಬಿದ. ಹತ್ತು ಸಲ ಮಾಡಿದ. ಆರು ಸಲ ಮೂರನೆಯದೇ ಸಿಕ್ಕಿತು.

"ಅಷ್ಟು ಒರಟಾಗಿ ಎಳೆದ್ರೆ ಯಾವ್ದಾದ್ರೂ ಸಿಗತ್ತೆ," ಎಂದ ಲಾಂಗ್ನರ್.

"ಮೆಲ್ಲಗೆ ಎಳೀಲಿ ಅಂತ ಕಾಡೆಮ್ಮೆ ಕಾಯತ್ತಾ?" ಎಂದ ಎಲಿಫಾಸ್.

"ಯಾವಾಗ್ಲೋ ಒಂದ್ಸಲ ಹಂಗಾಗತ್ತೆ. ಅವತ್ತೂ ಇನ್ನೊಂದ್ಸಲ ಎಳೆಯೋಷ್ಟು ಪುರುಸೊತ್ತು ಸಿಕ್ಕಿದ್ರೆ..." ಲಾಂಗ್ನರ್ ಅಲ್ಲಿಗೇ ನಿಲ್ಲಿಸಿದ.

ಡಾಕ್ಟರು ಅವನ ಮುಖ ನೋಡಿದರು. ನಾನೂ ನೋಡಿದೆ.

"ಹೇಳು, ಪೂರ್ತಿ ಹೇಳು!" ಎಲಿಫಾಸ್ ಮೇಜು ಗುದ್ದಿದ. ಇಪ್ಪತ್ತಾರು ವರ್ಷದಲ್ಲಿ ಅವನು ಗಿರಾಕಿಯನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಗೋಟ್‌ಲೀಬ್ ಓಡ್ಲಿಲ್ಲ ಕಣೋ. ನಿನ್ನ ಕೋವಿ ಕೈಕೊಡ್ತು. ತಪ್ಪನ್ನ ಸತ್ತವನ ಮೇಲೆ ಹಾಕಿ ಎರಡು ವರ್ಷ ಊಟ ಮಾಡಿದೀಯಲ್ಲ, ಹೆಂಗೋ ಇಳೀತು ಗಂಟಲಲ್ಲಿ?"

ಅಂಗಡಿಯ ಮಾಲೀಕ ಹಾರ್ಟಿಗ್ ಓಡಿ ಬಂದ. "ಬಾಯ್ಮುಚ್ಚು ಎಲಿಫಾಸ್! ಬೆಲೆ ಬರಿ, ಹೊರಡು."

ಎಲಿಫಾಸ್ ಬರೆದ. ಮೂರನೇ ತೋಟಾ ಹತ್ತರಲ್ಲಿ ಆರು ಸಲ ಸಿಕ್ಕಿಕೊಳ್ಳುತ್ತದೆ, ಸರಿಮಾಡದೆ ಯಾರಿಗೂ ಮಾರಬಾರದು, ಇದ್ದ ಹಾಗೆ ಬೆಲೆ ಗುಜರಿಯದು. ಸಾಕ್ಷಿಗೆ ಡಾಕ್ಟರು ಸಹಿ ಹಾಕಿದರು. ಹಾರ್ಟಿಗ್ ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಿದ್ದಂತೆಯೇ ನಾನೂ ಹಾಕಿದೆ.

"ನಾಳೆಯಿಂದ ಬರ್ಬೇಡ," ಎಂದ ಹಾರ್ಟಿಗ್.

"ನಾಳೆ ಯಾಕೆ? ಈಗ್ಲೇ ಹೊರಟೆ." ಕಾಗದ ಹಿಡಿದು ಎಲಿಫಾಸ್ ನೇರ ಪೊಲೀಸ್ ಠಾಣೆಗೆ ನಡೆದ.

ಕೋವಿಯನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಮರುವಿಚಾರಣೆ ಏಳು ತಿಂಗಳು ನಡೆಯಿತು. ಲಾಂಗ್ನರ್ ಜೈಲಿಗೆ ಹೋಗಲಿಲ್ಲ. ಬೇಟೆಯ ಪರವಾನಗಿ ಮಾತ್ರ ಹೋಯಿತು. ಅಲ್ಬರ್ಟೀನಾಗೆ ಪರಿಹಾರ ಬಂತು. ಎಲಿಫಾಸ್ ಈಗ ತೋಟದ ಮನೆಗಳಲ್ಲಿ ನೀರೆತ್ತುವ ಗಾಳಿಯಂತ್ರ ರಿಪೇರಿ ಮಾಡುತ್ತಾನೆ.

ತೀರ್ಪು ಬಂದ ವಾರದ ಭಾನುವಾರ ಅವನು ಚರ್ಚಿಗೆ ಬಂದ. ಪ್ರಾರ್ಥನೆ ಮುಗಿದದ್ದೇ ತಡ, ಹಿರಿಯನ ಕೈಗೆ ತೀರ್ಪಿನ ಕಾಗದ ತುರುಕಿದ. "ಓದಿ."

"ಗೋಟ್‌ಲೀಬ್ ತನ್ನ ಜಾಗದಲ್ಲೇ ನಿಂತಿದ್ದ. ಅವನಿಂದ ಯಾವ ತಪ್ಪೂ ಆಗಿಲ್ಲ," ಎಂದು ಹಿರಿಯ ತಗ್ಗಿದ ದನಿಯಲ್ಲಿ ಓದಿದ. "ನಮಗೆ ಗೊತ್ತಿರ್ಲಿಲ್ಲಪ್ಪ, ಎಲಿಫಾಸ್."

"ಗೊತ್ತಿರ್ಲಿಲ್ಲ ಅಂದ್ರೆ ಸುಮ್ನಿರ್ಬೇಕಿತ್ತು."

ಅಲ್ಬರ್ಟೀನಾ ಅವನ ತೋಳು ಹಿಡಿದಳು. "ಸಾಕು ಬಾ ಅಣ್ಣ."

"ನಂಗೆ ಸಾಕಾಗಿಲ್ಲ. ಹಿಂದಿನ ಬೆಂಚಿನವ್ರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಓದಿ, ಜೋರಾಗಿ."

ಹಿರಿಯ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಓದತೊಡಗಿದ.