ನಾರಾಯಣಪ್ಪನವರ ಸ್ಕ್ರೂ ಲೆಕ್ಕ

ನಾರಾಯಣಪ್ಪನವರು ಯಾವ ಯಂತ್ರ ಬಿಚ್ಚಿದರೂ ಸ್ಕ್ರೂಗಳನ್ನು ತಮ್ಮ ಎಲೆಅಡಿಕೆ ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿಟ್ಟು ಗಟ್ಟಿಯಾಗಿ ಎಣಿಸುತ್ತಿದ್ದರು. ಮುಚ್ಚುವಾಗ ಮತ್ತೆ ಎಣಿಕೆ. ನಡುವೆ ಯಾರಾದರೂ ಮಾತಾಡಿಸಿದರೆ ಮುಗಿಯಿತು, ಮೊದಲಿನಿಂದ ಶುರು. "ಬಿಚ್ಚಿದ್ದೆಷ್ಟೋ ಹಾಕಿದ್ದೂ ಅಷ್ಟೇ ಇರ್ಬೇಕು ಸಾರ್. ಇಲ್ದಿದ್ರೆ ಅದು ರಿಪೇರಿ ಅಲ್ಲ," ಎನ್ನುತ್ತಿದ್ದರು. ಮುಳಬಾಗಿಲಿನಲ್ಲಿ ಬಹಳ ವರ್ಷ ರೇಡಿಯೋ ರಿಪೇರಿ ಮಾಡಿ, ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತ ಮನುಷ್ಯ. ನನ್ನ ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರಿಗೆ ಅವರೇ ವೈದ್ಯರು.

ಎರಡು ಸಾವಿರದ ಆಸುಪಾಸಿನಲ್ಲಿ, ಒಂದು ಯುಗಾದಿ ಕಳೆದ ಮೇಲೆ, ಆ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿಹೋಗತೊಡಗಿತು. ಹೊತ್ತುಗೊತ್ತಿಲ್ಲ. ಲಗ್ನಪತ್ರಿಕೆ ಅರ್ಧ ಟೈಪಾಗಿರುತ್ತಿತ್ತು, ಪರದೆ ಕಪ್ಪು. ನಾರಾಯಣಪ್ಪನವರು ಮೂರು ಸಲ ಬಂದು ರ‍್ಯಾಮ್ ಬದಲಾಯಿಸಿದರು, ಧೂಳು ಹೊಡೆದರು, ಕರೆಂಟಿನ ವೈರನ್ನೂ ಬದಲಿಸಿದರು. ಅವರು ಇದ್ದಷ್ಟು ಹೊತ್ತು ಅದು ಬಲು ಸಾಧು. ನಾನು ಕೂತರೂ ಸಾಧು. ತಾಯಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಟೈಪಿಸ್ಟ್ ಸರೋಜಾ ಕೂತಾಗ ಮಾತ್ರ ಕೈಕೊಡುತ್ತಿತ್ತು.

ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ಶಾಲೆಯ ಪ್ರಶ್ನೆಪತ್ರಿಕೆ ಪೂರ್ತಿ ಹಾಳಾದ ದಿನ, ಗಿರಾಕಿಗಳ ಎದುರೇ, "ಬೇಕಂತ್ಲೇ ಕೆಡಿಸ್ತಿದ್ದೀಯಾ! ಕೆಲ್ಸ ಬೇಡಾಂದ್ರೆ ಬಾಯಿಬಿಟ್ಟು ಹೇಳು. ನಾಳೆಯಿಂದ ಬರ್ಬೇಡ," ಎಂದು ಕೂಗಾಡಿದೆ.

"ದೇವ್ರಾಣೆ ನಾನೇನೂ ಮಾಡಿಲ್ಲ ಸಾರ್," ಎಂದಳು. ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದಳು. ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂದು ನನಗೆ ಗೊತ್ತಿತ್ತು. ಆಮೇಲೆ ಒಂದು ವಾರ ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ನೋಡಿದಿರಾ ಎಂದು ನಾರಾಯಣಪ್ಪನವರ ಮುಂದೆ ಬೀಗಿದೆ.

ಅವರಿಗೆ ಸಮಾಧಾನವಾಗಲಿಲ್ಲ. "ಆ ಹುಡ್ಗಿ ಹೆಂಗೆ ಕೂತ್ಕೋತಿದ್ಳು, ಏನೇನ್ ಮುಟ್ತಿದ್ಳು, ಹೇಳಿ ಸಾರ್," ಎಂದು ಅವಳ ಕುರ್ಚಿಯಲ್ಲಿ ತಾವೇ ಕೂತರು. ಎರಡು ಸಾಲು ಟೈಪ್ ಮಾಡಿದರು. ಅವಳು ಊಟದ ಡಬ್ಬಿ ಇಡುತ್ತಿದ್ದ ಮೇಜಿನ ಡ್ರಾಯರ್ ಎಳೆದರು. ನಾನದನ್ನು ಮುಟ್ಟುತ್ತಲೇ ಇರಲಿಲ್ಲ. ಬಲು ಬಿಗಿ, ಮುಚ್ಚಬೇಕಾದರೆ ಮೊಣಕಾಲಿನಿಂದ ನೂಕಬೇಕು. ನೂಕಿದರು. ಮೇಜು ಅದುರಿತು, ಪರದೆ ಕಪ್ಪಾಯಿತು.

ಅವರು ವೈರು ಕಿತ್ತು, ಪೆಟ್ಟಿಗೆಯನ್ನೆತ್ತಿ ಅಲ್ಲಾಡಿಸಿದರು. ಒಳಗೆ ಕಿಣಿಕಿಣಿ. ಬಿಚ್ಚಿ ಓರೆ ಮಾಡಿದಾಗ ಮದರ್‌ಬೋರ್ಡಿನ ಅಡಿಯಿಂದ ಒಂದು ಸ್ಕ್ರೂ ಉರುಳಿ ಬಂತು. ಮೇಜು ಅದುರಿದಾಗಲೆಲ್ಲ ಅದು ತಾಗಬಾರದ ಕಡೆ ತಾಗಿ ಶಾರ್ಟ್ ಆಗುತ್ತಿತ್ತು.

ಅದು ಮೊದಲಿನಿಂದಲೂ ಒಳಗಿತ್ತು ಎಂದು ಅವರು ಹೇಳಿದ್ದರೆ ನಾನು ನಂಬುತ್ತಿದ್ದೆ. ಅವರು ಅದನ್ನು ಅಂಗೈಯಲ್ಲಿಟ್ಟು ನೋಡಿದರು, ಮುಖ ಬಿಳುಚಿಕೊಂಡಿತು. ಗಾಬರಿಯಾದರೆ ಅವರ ಬಾಯಲ್ಲಿ ಮೊದಲು ತೆಲುಗೇ ಬರುವುದು.

"ತಪ್ಪು ನಾದೇ ಸಾರ್," ಎಂದರು. "ಯುಗಾದಿ ಮುಂಚೆ ಹೊಸ ಫ್ಯಾನ್ ಹಾಕ್ದಾಗ ಒಂದು ಕಮ್ಮಿ ಬಂತು. ಎಲ್ಲೋ ಬಿದ್ದೋಗಿರ್ಬೇಕು ಅಂತ ಹಳೇ ಸ್ಕ್ರೂ ಡಬ್ಬಿಯಿಂದ ಇನ್ನೊಂದು ಹಾಕ್ಬಿಟ್ಟೆ. ಎಣ್ಸಿದ್ದೆ ಸಾರ್. ಎಣ್ಸೀನೂ ಸುಮ್ನಾದೆ."

ಆ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ನನಗೆ ಬರಸಿಡಿಲು ಬಡಿದಂತಾಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಮಾಡಿದ್ದೇನೆಂದು ಆಗ ಹೊಳೆಯಿತು. ಅದೇ ಮಧ್ಯಾಹ್ನ ಅವರು ಸರೋಜಾಳ ಕ್ಷಮೆ ಕೇಳಲು ತಾಯಲೂರಿನ ಬಸ್ಸಿಗೆ ಹೊರಟರು. "ನೀವೂ ಬನ್ನಿ ಸಾರ್," ಎಂದು ಕರೆದರು. ಅಂಗಡಿ ಬಿಟ್ಟು ಬರಲಾಗದು, ನಾಳೆ ಹೋಗುತ್ತೇನೆ ಎಂದೆ. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದು ದಿನ ತಳ್ಳಿದೆ. ಸರೋಜಾ ತಿರುಗಿ ಕೆಲಸಕ್ಕೆ ಬರಲಿಲ್ಲ. ನಾರಾಯಣಪ್ಪನವರೂ ಆಮೇಲೆ ಯಾರ ಕಂಪ್ಯೂಟರನ್ನೂ ಬಿಚ್ಚಲಿಲ್ಲ.

ಕೆಲವು ವರ್ಷಗಳ ಬಳಿಕ ಕೋಲಾರದ ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ನೋಡಿದೆ. ಧೈರ್ಯ ಮಾಡಿ, "ಅವತ್ತು ಸರೋಜಾ ಏನಂದ್ಲು ನಾರಾಯಣಪ್ಪನೋರೇ?" ಎಂದು ಕೇಳಿದೆ. ಹೇಳಬೇಕೋ ಬೇಡವೋ ಎಂಬಂತೆ ನನ್ನ ಮುಖ ನೋಡಿದರು.

"ನಂಗೆ ಕಾಫಿ ಕೊಟ್ಲು ಸಾರ್. ಬಾಗ್ಲ ತನ್ಕ ಬಂದು ರೋಡ್ ಕಡೆ ನೋಡಿದ್ಳು. 'ಸಾರ್ ಹಿಂದೆ ಬರ್ತಿದ್ದಾರಾ?' ಅಂದ್ಲು. ಬರ್ತಾರಮ್ಮಾ ಅಂತ ಹೇಳ್ಬಿಟ್ಟೆ."